ತಲೆಗೆ ಹಚ್ಚುವ ಎಣ್ಣೆಯ ಕೇಕು

ಬೆಣ್ಣೆ ಇಲ್ಲ ಅಂದ ತಕ್ಷಣ ಕೇಕೂ ಇಲ್ಲ ಎಂದು ಕೈಚೆಲ್ಲಿ ಕೂರುವವರು ಈ ಕೆಲಸಕ್ಕೆ ಬರಬೇಡಿ. ಹಾಗೆ ಕೂರದವರು ಬನ್ನಿ, ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಸಕಲೇಶಪುರದ ತರಬೇತಿ ಕೇಂದ್ರಕ್ಕೆ ಹೊಸದಾಗಿ ಬೇಕಿಂಗ್ ಶಿಕ್ಷಕಿಯರು ಬಂದಿದ್ದಾರೆ ಎಂದು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿವೃತ್ತಿಯಾದವರು ಬಾಯಿ ಮುಚ್ಚಿಕೊಂಡಿರಬೇಕು ಅನ್ನುತ್ತಾರೆ ನಮ್ಮ ಯಜಮಾನರು. ಅವರು ಸರ್ವೆ ಇಲಾಖೆಯಲ್ಲಿದ್ದವರು, ಕಲ್ಲು ನೆಟ್ಟು ಬಂದದ್ದು ಬಿಟ್ಟರೆ ಹೇಳಿಕೊಳ್ಳಲು ಅವರಿಗೆ ಏನೂ ಇಲ್ಲ. ನನಗೆ ಬೇಕಾದಷ್ಟಿದೆ.

ಯಾವಾಗ ಸೇರಿದೆ, ಯಾವಾಗ ಕಾಯಂ ಆಯಿತು, ಅದೆಲ್ಲ ಕಚೇರಿಯ ಕಡತದಲ್ಲಿ ಧೂಳು ತಿನ್ನುತ್ತಿರಲಿ. ಕೆಲಸ ಏನೆಂದರೆ, ಸಕಲೇಶಪುರ ಮತ್ತು ಆಲೂರಿನ ಹಳ್ಳಿಗಳಿಗೆ ಹೋಗಿ ಹೆಂಗಸರಿಗೆ ಮನೆಯಲ್ಲೇ ಕೇಕ್, ಬಿಸ್ಕತ್ತು ಮಾಡುವುದನ್ನು ಕಲಿಸುವುದು. ತೊಂಬತ್ತರ ದಶಕದಲ್ಲಿ ನಮ್ಮ ಹತ್ತಿರ ಇದ್ದದ್ದು ದುಂಡಗಿನ ಅಲ್ಯುಮಿನಿಯಂ ಓವನ್, ಮುಚ್ಚಳದ ನಡುವೆ ಒಂದು ಗಾಜು. ಅದನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಒಬ್ಬ ಕಂಡಕ್ಟರ್ ಅಂತೂ ಅದಕ್ಕೂ ಅರ್ಧ ಟಿಕೆಟ್ ಹರಿಯುತ್ತೇನೆ ಎಂದು ಪ್ರತಿ ಸಲ ಕಾಡುತ್ತಿದ್ದ. ಹಳ್ಳಿ ತಲುಪಿದರೆ ಕರೆಂಟ್ ಇರುತ್ತಿರಲಿಲ್ಲ. ಇದ್ದರೂ ವೋಲ್ಟೇಜ್ ಸಾಲದೆ ಓವನ್ ಬೆಚ್ಚಗಾಗುತ್ತಿತ್ತೇ ಹೊರತು ಬಿಸಿಯಾಗುತ್ತಿರಲಿಲ್ಲ. ಆಗ ದಪ್ಪ ತಳದ ಪಾತ್ರೆಗೆ ಹೊಳೆಯ ಮರಳು ಸುರಿದು, ಸೌದೆ ಒಲೆಯ ಮೇಲೆ ಕಾಯಿಸಿ, ಒಳಗೆ ಕೇಕಿನ ಟಿನ್ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡುವುದು. ನಿಮಗೆ ಈಗ ನಗು ಬರಬಹುದು. ಆ ಮರಳಿನ ಒಲೆಯಲ್ಲಿ ಉಬ್ಬಿ ಬಂದ ಕೇಕಿನ ಮುಚ್ಚಳ ತೆರೆಯುವಾಗ ಆಗುತ್ತಿದ್ದ ಖುಷಿ ನಿಮ್ಮ ಗಾಜಿನ ಬಾಗಿಲ ಓವನ್ನಿನಲ್ಲಿ ಸಿಗಲಿಕ್ಕಿಲ್ಲ.

ನಮ್ಮ ಮೇಲ್ವಿಚಾರಕಿ ಶಾರದಾ ಮೇಡಂ ಪುತ್ತೂರಿನ ಕಡೆಯವರು. ಅವರು ಮಾಡಿಸಿದ ಒಂದು ದೊಡ್ಡ ಚಾರ್ಟ್ ಇತ್ತು. ಅದರ ಪ್ರಕಾರ ಕೇಕ್ ಎಂದರೆ ಮೈದಾ, ಸಕ್ಕರೆ, ಮೊಟ್ಟೆ, ಬೆಣ್ಣೆ, ನಾಲ್ಕೂ ಸಮ ತೂಕ. ಬೆಣ್ಣೆ ಎಂಬ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಚಾರ್ಟಿನ ಬೆಣ್ಣೆ ಪೇಟೆಯ ಅಂಗಡಿಯ ಹಳದಿ ಬೆಣ್ಣೆ. ಹಳ್ಳಿಯ ಬೆಣ್ಣೆ ಬೇರೆಯೇ ಜಾತಿಯದು ಎಂದು ನನಗೆ ಗೊತ್ತಾದದ್ದು ಬಿಸಿಲೆ ಎಂಬ ಹಳ್ಳಿಯಲ್ಲಿ.

ಅಲ್ಲಿ ಒಬ್ಬರು ಆಗ ತಾನೇ ಕಡೆದ ಬೆಣ್ಣೆ ತಂದುಕೊಟ್ಟರು. ಅಂಗೈಯಷ್ಟು ದೊಡ್ಡ ಮುದ್ದೆ, ನೋಡಿದರೆ ಹಾಗೇ ತಿನ್ನಬೇಕು ಅನ್ನಿಸುವಂಥದ್ದು. ನಾನು ಖುಷಿಯಲ್ಲಿ ಚಾರ್ಟಿನ ತೂಕಕ್ಕೆ ತೂಗಿ ಹಾಕಿದೆ. ಅವತ್ತೇ ಮೇಡಂ ತಪಾಸಣೆಗೆ ಬಂದಿದ್ದರು. ಮುಚ್ಚಳ ತೆಗೆದರೆ ಕೇಕು ನಡುವೆ ಕುಸಿದು, ಅಂಚಿನಲ್ಲಿ ಬೆವರುತ್ತಿತ್ತು. ಮೇಡಂ ಬೆರಳಲ್ಲಿ ಒತ್ತಿ ನೋಡಿ, "ಎಂತ ಲೀಲಾ ಇದು, ಕೇಕಾ, ಕಡುಬಾ?" ಅಂದರು. ಇಡೀ ತರಗತಿ ಸೆರಗು ಬಾಯಿಗಿಟ್ಟುಕೊಂಡಿತು. ಆಮೇಲೆ ತಿಳಿಯಿತು, ಮನೆಬೆಣ್ಣೆಯ ಹೊಟ್ಟೆಯಲ್ಲಿ ಮಜ್ಜಿಗೆ ಕೂತಿರುತ್ತದೆ. ಬಟ್ಟೆಯಲ್ಲಿ ಕಟ್ಟಿ ಹಿಂಡಿ ಆ ನೀರನ್ನು ತೆಗೆಯಬೇಕು, ಇಲ್ಲವೇ ತುಪ್ಪ ಕಾಯಿಸಿ ತೂಕ ಇಳಿಸಿ ಹಾಕಬೇಕು. ತುಪ್ಪಕ್ಕೂ ಒಂದು ಎಚ್ಚರಿಕೆ ಹೇಳುತ್ತೇನೆ. ಬೆಣ್ಣೆ ಕಾಯಿಸುವಾಗ ಕೊನೆಗೊಂದು ವೀಳ್ಯದೆಲೆ ಹಾಕುವ ಮನೆಗಳಿವೆ. ಅಂಥ ತುಪ್ಪದಲ್ಲಿ ನಾನೊಮ್ಮೆ ಬಿಸ್ಕತ್ತು ಮಾಡಿ, ತಿಂದವರೆಲ್ಲ ಅಡಿಕೆ ಎಲ್ಲಿ ಎಂದು ಕೇಳುವಂತಾಗಿತ್ತು.

ಹೀಗೆ ಒಂದು ಜಿಡ್ಡಿನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವ ಹುಚ್ಚು ನನಗೆ ಹಿಡಿಯಿತು. ವನಸ್ಪತಿ ಹಾಕಿದರೆ ಬಿಸ್ಕತ್ತು ಗರಿಗರಿ, ಆದರೆ ಅಂಗಳಕ್ಕೆ ಅಂಟುತ್ತದೆ. ಅಂದರೆ ಬಾಯೊಳಗಿನ ಅಂಗಳಕ್ಕೆ. ಸೂರ್ಯಕಾಂತಿ ಎಣ್ಣೆ ಹಾಕಿದರೆ ಕೇಕು ಮಾರನೇ ದಿನಕ್ಕೂ ಮೆತ್ತಗೆ, ಆದರೆ ಎಣ್ಣೆಯನ್ನು ಸಕ್ಕರೆಯ ಜೊತೆ ಎಷ್ಟು ತಿರುವಿದರೂ ಅದು ಗಾಳಿ ಹಿಡಿದುಕೊಳ್ಳುವುದಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ. ಬೆಣ್ಣೆ ಗಟ್ಟಿ ಇರುವುದರಿಂದ ಸಕ್ಕರೆಯ ಹರಳು ಅದನ್ನು ಗೀರಿ ಗೀರಿ ಒಳಗೆ ಗಾಳಿ ತುಂಬುತ್ತದೆ, ಆ ಗಾಳಿಯೇ ಕೇಕನ್ನು ಮೇಲೆತ್ತುವುದು. ಎಣ್ಣೆ ನೀರಿನಂತೆ ಜಾರಿಕೊಳ್ಳುತ್ತದೆ. ಈ ಒಂದು ವಿಷಯ ನನ್ನನ್ನು ಮಗ್ಗೆ ಎಂಬ ಊರಿನಲ್ಲಿ ವಾರಗಟ್ಟಲೆ ಸತಾಯಿಸಿತು.

ಮಗ್ಗೆಯ ತರಗತಿಗೆ ಗಿರಿಜ ಎಂಬ ಹೆಣ್ಣುಮಗಳು ಬರುತ್ತಿದ್ದಳು. ಗಂಡ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಉಳಿದವರೆಲ್ಲ ಹಿಟ್ಟು ಕಲಸುತ್ತಾ ಮಾತಾಡುತ್ತಾ ನಲಿಯುತ್ತಿದ್ದರೆ ಇವಳು ಮಾತ್ರ ನಾನು ಬೆಣ್ಣೆ ಎತ್ತಿಕೊಂಡಾಗಲೆಲ್ಲ ಮುಖ ಸಣ್ಣದು ಮಾಡುತ್ತಿದ್ದಳು. ಒಂದು ದಿನ ತರಗತಿ ಮುಗಿದ ಮೇಲೆ ಹಿಂದೆ ಉಳಿದಳು.

"ಟೀಚರ್, ಬೆಣ್ಣೆ, ಹಾಲು, ತುಪ್ಪ ಏನೂ ಇಲ್ದಂಗೆ ಕೇಕ್ ಆಯ್ತದಾ?"

"ಯಾಕಮ್ಮ?"

"ನನ್ ಮಗಳಿಗೆ ಹಾಲಿಂದು ಯಾವ್ದೂ ಆಗಲ್ಲ. ಹಾಸನದ ಡಾಕ್ಟ್ರು ಒಂದ್ ತೊಟ್ಟೂ ಕೊಡ್ಬ್ಯಾಡಿ ಅಂದವ್ರೆ. ಹೋದ್ ವರ್ಷ ನಮ್ಮಣ್ಣನ ಮಗನ ಬರ್ತಡೇಲಿ ಯಾರಿಗೂ ಕಾಣ್ದಂಗೆ ಒಂದ್ ಚೂರು ಕೇಕ್ ಬಾಯಿಗೆ ಹಾಕ್ಕಂಬುಟ್ಟಿದ್ಲು. ತುಟಿ ಎಲ್ಲಾ ಊದ್ಕಂಡು, ಉಸ್ರು ಎಳೀತಾ, ಜೀಪಲ್ಲಿ ಹಾಸನಕ್ಕೆ ಹೊತ್ಕಂಡ್ ಹೋದ್ವಿ." ಗಿರಿಜ ಬೆರಳಿಗೆ ಮೆತ್ತಿದ್ದ ಹಿಟ್ಟನ್ನು ಉಜ್ಜಿ ತೆಗೆದಳು. "ಈಗ ಅವಳದೇ ಬರ್ತಡೇ ಬತ್ತಾ ಐತೆ. ಕೇಕ್ ಕುಯ್ದು ನಾನೂ ತಿನ್ಬೇಕು ಅಂತಾಳೆ. ಕುಯ್ದು ಬ್ಯಾರೇರಿಗೆ ಕೊಡು ಅಂದ್ರೆ ಅಳ್ತಾಳೆ. ನಾನು ಈ ಕ್ಲಾಸಿಗೆ ಸೇರಿದ್ದೇ ಅದಕ್ಕೆ ಕಣ್ರೀ ಟೀಚರ್."

ಆ ವಾರ ಅವಳು ನನ್ನನ್ನು ಊಟಕ್ಕೆ ಕರೆದಳು. ಮಗು ಚೈತ್ರ ನನ್ನ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತಿತ್ತು, ಆಗಿನ್ನೂ ಮುಂದಿನ ಹಲ್ಲು ಬಿದ್ದ ವಯಸ್ಸು. ಗಿರಿಜಳ ಅತ್ತೆ ಪುಟ್ಟಮ್ಮನವರು ತುಪ್ಪದ ಗಿಂಡಿ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತಾ ಬಂದರು. ಆ ಮನೆಯ ಪದ್ಧತಿ ಅದು, ಎಲೆಗೆ ಒಂದು ತೊಟ್ಟು ತುಪ್ಪ ಬೀಳದೆ ಯಾರೂ ತುತ್ತು ಎತ್ತುವಂತಿಲ್ಲ. ಬಿದ್ದರೇನೇ ಅದು ಊಟ. ಅಜ್ಜಿ ಹತ್ತಿರ ಬರುತ್ತಿದ್ದಂತೆ ಚೈತ್ರ ಎರಡೂ ಅಂಗೈ ಅಗಲಿಸಿ ತನ್ನ ಎಲೆಯನ್ನು ಮುಚ್ಚಿಕೊಂಡಿತು. ಅಜ್ಜಿ ಮುಂದೆ ಹೋದ ಮೇಲೆ ಕೈ ತೆಗೆದು ಊಟ ಶುರುಮಾಡಿತು. ದಿನಾ ಹಾಗೆಯೇ ಇರಬೇಕು. ಈ ಮಗುವಿಗೆ ಕೇಕು ತಿನ್ನಿಸದಿದ್ದರೆ ನಾನು ಕಲಿತ ವಿದ್ಯೆಗೆ ಬೆಂಕಿ ಬೀಳಲಿ ಅಂದುಕೊಂಡೆ.

ಶುರುವಾಯಿತು ನೋಡಿ ನಮ್ಮ ಪರದಾಟ. ಸೂರ್ಯಕಾಂತಿ ಎಣ್ಣೆ ಹಾಕಿ, ಮೊಟ್ಟೆಯ ಬಿಳಿಯನ್ನು ನೊರೆ ಬರಿಸಿ ಮಾಡಿದೆವು. ಮರಳಿನ ಒಲೆಯ ನಿಧಾನದ ಕಾವಿಗೆ ಆ ನೊರೆ ನಿಲ್ಲುವುದಿಲ್ಲ, ಅರ್ಧ ಬೇಯುವಷ್ಟರಲ್ಲಿ ಇಳಿದುಬಿಟ್ಟಿತು. ಚೈತ್ರ ಅದನ್ನು ತಿಂದು, "ಚೆಂದಾಗೈತೆ, ಆದ್ರೆ ಇದು ಸೆಟ್ ದೋಸೆ" ಎಂದಳು. ಬಾಳೆಹಣ್ಣು ಕಿವುಚಿ ಹಾಕಿದೆವು, ಹಲ್ವ ಆಯಿತು. ವನಸ್ಪತಿ ಹಾಕಬಹುದಿತ್ತು, ಆದರೆ ಅಂಗಡಿಯಲ್ಲಿ ಅದನ್ನು ಬಿಡಿಯಾಗಿ ತೂಗಿ ಕೊಡುತ್ತಿದ್ದರು, ತುಪ್ಪ ತೆಗೆದ ಸೌಟಿನಲ್ಲೇ. ಗಿರಿಜ ಅದನ್ನು ಮನೆಯೊಳಗೆ ತರಲು ಒಪ್ಪಲಿಲ್ಲ, ಅವಳು ಮಾಡಿದ್ದೇ ಸರಿ. ದಿನ ಹತ್ತಿರ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಬೆಣ್ಣೆಯಂತೆ ಗಟ್ಟಿಯಾಗಿ ನಿಲ್ಲುವ, ಹಸುವಿನ ಸಂಬಂಧವೇ ಇಲ್ಲದ ಒಂದು ಜಿಡ್ಡು.

ಅದು ಸಿಕ್ಕಿದ್ದು ಬಚ್ಚಲುಮನೆಯ ಕಿಟಕಿಯಲ್ಲಿ. ಜನವರಿಯ ಬೆಳಗ್ಗೆ, ಕೊರೆಯುವ ಚಳಿ. ತಲೆ ಬಾಚಿಕೊಳ್ಳೋಣವೆಂದು ಕೊಬ್ಬರಿ ಎಣ್ಣೆ ಬಾಟಲಿ ಬಗ್ಗಿಸಿದರೆ ಒಂದು ಹನಿ ಬೀಳಲಿಲ್ಲ. ಎಂದಿನಂತೆ ಪೊರಕೆ ಕಡ್ಡಿ ಹಾಕಿ ಕೆದಕುತ್ತಾ ಗೊಣಗುತ್ತಿದ್ದೆ. ಕಡ್ಡಿಯ ತುದಿಯಲ್ಲಿ ಬಂದದ್ದನ್ನು ನೋಡಿದೆ. ಬೆಳ್ಳಗೆ, ನುಣ್ಣಗೆ, ಬೆಣ್ಣೆಯೇ. ಪ್ರತಿ ಚಳಿಗಾಲದಲ್ಲೂ ನೋಡಿದ್ದ ವಸ್ತು, ಆದರೆ ಅವತ್ತು ಕಣ್ಣಿಗೆ ಬಿತ್ತು. ಅರ್ಧ ತಲೆ ಬಿಚ್ಚಿಕೊಂಡೇ ಅಡುಗೆಮನೆಗೆ ಓಡಿ, ಎರಡು ಚಮಚ ಸಕ್ಕರೆಯ ಜೊತೆ ಹಾಕಿ ತಿರುವತೊಡಗಿದೆ. ಅದು ಗಾಳಿ ಹಿಡಿಯಿತು, ಹತ್ತಿಯಷ್ಟು ಬೆಳ್ಳಗಾಗಿ ಉಬ್ಬಿತು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಅದನ್ನ ತಲೆಗೆ ಹಾಕ್ಕೋತೀಯೋ, ತಿಂತೀಯೋ, ಒಂದು ತೀರ್ಮಾನ ಮಾಡು" ಅಂದರು. ನಾನು ತಿಂದೆ. ಅವರು ಆಫೀಸಿಗೆ ಬೇಗ ಹೋದರು.

ನಮ್ಮ ಘಟ್ಟದ ಮೇಲೆ ಕೊಬ್ಬರಿ ಎಣ್ಣೆ ಎಂದರೆ ತಲೆಗೆ, ಅಷ್ಟೆ. ಅದನ್ನು ಬಾಣಲೆಗೆ ಹಾಕುವುದು ಸೋಪಿನಲ್ಲಿ ಸಾರು ಮಾಡಿದ ಹಾಗೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಮೇಡಂ ಮುಂದೆ ನಿಂತು, ಚೈತ್ರಳ ವಿಷಯ, ಎಣ್ಣೆಯ ವಿಷಯ ಎರಡನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದರಲ್ಲಿ ಹೆದರುವುದು ಎಂತ ಉಂಟು ಮಾರಾಯ್ತಿ? ನಮ್ಮಲ್ಲಿ ಒಗ್ಗರಣೆಗೆ ಅದೇ, ಕರಿಯುವುದಕ್ಕೂ ಅದೇ."

"ಮತ್ತೆ ಚಾರ್ಟಿಗೆ ಯಾಕೆ ಹಾಕಲಿಲ್ಲ ಮೇಡಂ?"

"ನಾನು ಇಲ್ಲಿಗೆ ಬಂದ ಹೊಸತರಲ್ಲಿ ಡಬ್ಬಿ ಬಿಚ್ಚಿದ ಕೂಡಲೇ, ಯಾರೋ ತಲೆ ಸ್ನಾನ ಮಾಡಿ ಬಂದ್ರು ಅಂತ ಎಲ್ಲ ನಗಾಡ್ತಿದ್ರು. ಆಮೇಲೆ ಊಟಕ್ಕೆ ಒಬ್ಬಳೇ ಕೂರ್ತಿದ್ದೆ." ಅವರ ಧ್ವನಿ ಅಷ್ಟು ಮೆತ್ತಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾರನೇ ದಿನ ತಮ್ಮ ಮನೆಯಿಂದ, ಊರಿನ ಗಾಣದಲ್ಲಿ ಆಡಿಸಿದ ಎಣ್ಣೆಯ ಒಂದು ಬಾಟಲಿ ತಂದು ನನ್ನ ಚೀಲದಲ್ಲಿಟ್ಟರು. "ತುಪ್ಪದ ಚಮಚ ಮುಟ್ಟಿದ್ದಲ್ಲ ಇದು. ಆ ಮಗುವಿಗೆ ಮಾಡಿ ಕೊಡಿ" ಅಂದರು.

ಹುಟ್ಟುಹಬ್ಬದ ದಿನ ಮೊದಲ ಬಸ್ಸಿಗೇ ಮಗ್ಗೆಗೆ ಹೋದೆ. ಬಾಟಲಿ ನೋಡಿದ್ದೇ ಪುಟ್ಟಮ್ಮನವರು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ತಲೆಗ್ ಹಚ್ಚೋ ಎಣ್ಣೇನ ಮಗಿ ಹೊಟ್ಟೆಗ್ ಹಾಕ್ತೀರಾ? ಏನ್ ಟೀಚರಮ್ಮ, ಓದಿರೋರು ನೀವು."

"ಘಟ್ಟದ ಕೆಳಗೆ ಎಲ್ಲರೂ ಇದನ್ನೇ ತಿನ್ನೋದು ಅಜ್ಜಿ."

"ಅವ್ರು ತಿಂತಾರೆ, ಅವ್ರು ಮೀನೂ ದಿನಾ ತಿಂತಾರೆ. ನಮ್ ಮಗೀಗೆ ಹೆಚ್ಚು ಕಮ್ಮಿ ಆದ್ರೆ?"

ಗಿರಿಜ ನಡುವೆ ಬಂದಳು. "ಅತ್ತೆ, ಅದುಕ್ಕೆ ಕಾಯಿ ಆಗಲ್ವಾ? ದಿನಾ ಚಟ್ನಿ ತಿನ್ನಲ್ವಾ? ಇದೂ ಕಾಯಿಂದೇ ಕಣತ್ತೆ."

ಅಜ್ಜಿ ಬಾಗಿಲು ಬಿಟ್ಟರು.

ಒಲೆ ಉರಿಯುವ ಅಡುಗೆಮನೆಯಲ್ಲಿ ಎಣ್ಣೆ ಕರಗಿಬಿಡುತ್ತದೆ ಎಂದು ನಾವಿಬ್ಬರೂ ಬೋಗುಣಿ ಹೊತ್ತು ಹಿತ್ತಲಿಗೆ ಹೋದೆವು. ಅಲ್ಲಿ ಇಬ್ಬನಿ ಸುರಿಯುವ ಚಳಿ, ಎಣ್ಣೆ ಕಲ್ಲು. ಬಿಸಿಲಿಗೆ ಒಂದು ಗಳಿಗೆ ತೋರಿಸುವುದು, ನೆರಳಿಗೆ ಎಳೆಯುವುದು, ಮತ್ತೆ ಬಿಸಿಲಿಗೆ. ಹದಕ್ಕೆ ಬಂದ ಮೇಲೆ ಸಕ್ಕರೆ ಹಾಕಿ ಸರದಿಯ ಮೇಲೆ ತಿರುವಿದೆವು. ತಣ್ಣನೆಯ ಮೊಟ್ಟೆ ಹಾಕಿದರೆ ತಿರುವಿದ ಮಿಶ್ರಣ ಒಡೆದುಹೋಗುತ್ತದೆಂದು ಮೊಟ್ಟೆಗಳನ್ನು ಉಗುರುಬೆಚ್ಚನೆ ನೀರಿನಲ್ಲಿ ಮಲಗಿಸಿದ್ದೆ. ಹಾಲಿನ ಬದಲು ತೋಟದ ಕಿತ್ತಳೆಯ ರಸ. ಕಿತ್ತಳೆಯ ಸಿಪ್ಪೆಯ ಮೇಲ್ಪದರ ತುರಿದು, ಏಲಕ್ಕಿ ಕುಟ್ಟಿ ಹಾಕಿದಾಗ ತಲೆ ಎಣ್ಣೆಯ ವಾಸನೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಚೈತ್ರ ನಮ್ಮ ಸುತ್ತ ಒಂದೇ ಕಾಲಿನಲ್ಲಿ ಕುಣಿಯುತ್ತಿದ್ದಳು. ಆ ಹಿಟ್ಟಿನ ಹಗುರ ನೋಡಿ ನನಗೂ ಕುಣಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಪುಟ್ಟಮ್ಮನವರು ಮುಖ ಸಡಿಲ ಮಾಡಿಕೊಂಡು ಬಂದರು. "ಟಿನ್ನಿಗೆ ಜಿಡ್ಡು ಸವ್ರಿ ಮಡಗಿದೀನಿ, ಸುರೀರಿ" ಅಂದರು. ಅಜ್ಜಿ ಒಲಿದುಬಿಟ್ಟರಲ್ಲ ಎಂಬ ಸಂತೋಷಕ್ಕೆ ಗಿರಿಜ ಹಿಟ್ಟನ್ನೆಲ್ಲ ಸುರಿದಳು. ನಾನು ಟಿನ್ ಎತ್ತಿಕೊಂಡು ಒಲೆಯತ್ತ ತಿರುಗಿದವಳು, ಅಂಚಿನಲ್ಲಿ ಏನೋ ಬೆರಳಿಗೆ ತಗುಲಿ ನಿಂತೆ. ಕೊಬ್ಬರಿ ಎಣ್ಣೆ ಚಳಿಗೆ ಮೇಣದಂತೆ ನುಣ್ಣಗೆ ಕೂರುತ್ತದೆ. ಇದು ಹರಳು ಹರಳಾಗಿತ್ತು. ಮೂಗಿಗೆ ಹಿಡಿದು ನೋಡಿದೆ.

"ಅಜ್ಜಿ, ಇದಕ್ಕೆ ಏನು ಸವರಿದ್ರಿ?"

"ತುಪ್ಪ," ಅಂದರು ಅವರು ಸಹಜವಾಗಿ. ಹೇಳಿದ ಮೇಲೆ ಅವರ ಮುಖ ಬೂದಿಯಾಯಿತು. ಅವರ ಕೈಗೆ ಬೇರೆ ಗೊತ್ತಿರಲಿಲ್ಲ, ಅಷ್ಟೆ. ಹಬ್ಬದ ಅಡುಗೆಯ ಪಾತ್ರೆ ಎಂದರೆ ಬೆರಳು ತಾನಾಗಿ ತುಪ್ಪದ ಗಿಂಡಿಗೆ ಹೋಗುತ್ತದೆ. ಗಿರಿಜ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಚೈತ್ರ ಕುಣಿಯುವುದನ್ನು ನಿಲ್ಲಿಸಿ, ನಮ್ಮ ಮೂವರ ಮುಖ ನೋಡಿ, "ನಾನ್ ತಿನ್ನಂಗಿಲ್ವಾ?" ಎಂದು ಕೇಳಿದಳು.

ನನ್ನ ಬಾಟಲಿಯ ತಳ ಕಾಣುತ್ತಿತ್ತು. ಇನ್ನೊಂದು ಕೇಕಿಗೆ ಸಾಲದು. ಅಂಗಡಿಯ ತಲೆ ಎಣ್ಣೆಗೆ ಏನೇನು ಸುವಾಸನೆ ಬೆರೆಸಿರುತ್ತಾರೋ, ಅದನ್ನು ನಂಬುವ ಹಾಗಿಲ್ಲ. ಏನು ಮಾಡಲೂ ತೋಚದೆ ನಿಂತಿದ್ದೆ. ಪುಟ್ಟಮ್ಮನವರು ಒಳಗೆ ಹೋದವರು ಒಂದು ಗಾಜಿನ ಜಾಡಿ ಎದೆಗವಚಿಕೊಂಡು ಬಂದರು.

"ಕಾಯಿ ತುರ್ದು, ಹಾಲು ಹಿಂಡಿ ನಾನೇ ಕಾಯ್ಸಿದ್ದು. ಮಗೀ ತಲೇಗೆ ಅಂತ. ದಾಸವಾಳದ ಸೊಪ್ಪು ಇನ್ನೂ ಹಾಕಿರ್ಲಿಲ್ಲ ಕಣಮ್ಮ," ಎಂದು ಜಾಡಿಯನ್ನು ನನ್ನ ಕೈಗೆ ಕೊಟ್ಟರು. ಹಾಲಿನಷ್ಟು ಬೆಳ್ಳಗೆ ಗಟ್ಟಿಯಾದ ಎಣ್ಣೆ. ಮುಚ್ಚಳ ತೆಗೆದರೆ ಕೊಬ್ಬರಿ ಮಿಠಾಯಿಯ ಪರಿಮಳ. "ಇದುಕ್ಕೆ ಬ್ಯಾರೆ ಚಮಚ ಮುಟ್ಟಿಲ್ಲ. ಬರೀ ಅವಳ ತಲೆ ಮುಟ್ಟೈತೆ."

ಇಷ್ಟು ಕೇಳಿದ ಮೇಲೆ ನಮಗೆ ಎಲ್ಲಿಂದ ಬಂತೋ ಶಕ್ತಿ. ಬೋಗುಣಿ, ಸೌಟು, ಕೈ, ಎಲ್ಲವನ್ನೂ ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ತಿಕ್ಕಿದೆವು. ಬೇರೆ ಟಿನ್ ಇರಲಿಲ್ಲ, ಹೊಸ ಸ್ಟೀಲ್ ಡಬ್ಬಿಯೊಂದರ ಚೀಟಿ ಕಿತ್ತು, ತೊಳೆದು ಒರೆಸಿ ಅದನ್ನೇ ಟಿನ್ ಮಾಡಿ, ಅಜ್ಜಿಯ ಎಣ್ಣೆಯಲ್ಲಿ ಮತ್ತೆ ಮೊದಲಿನಿಂದ ಹಿಟ್ಟು ತಿರುವಿದೆವು. ಈ ಸಲ ಡಬ್ಬಿಗೆ ಎಣ್ಣೆ ಸವರಿದ್ದೂ ಅಜ್ಜಿಯೇ, ಬೇಕೆಂದೇ ಅವರ ಕೈಗೆ ಕೊಟ್ಟೆ. ತುಪ್ಪದ ಕೇಕನ್ನು ಎಸೆಯಲಿಲ್ಲ. ಅದನ್ನು ಪಕ್ಕದ ಮನೆಯ ಒಲೆಯಲ್ಲಿ ಬೇಯಲು ಕಳಿಸಿದೆವು, ಆ ಮನೆಯವರೇ ಅದನ್ನು ಮುಗಿಸಿ ಆ ಊರಿನ ತರಗತಿ ಮುಗಿಯುವವರೆಗೂ ನನ್ನನ್ನು ಹೊಗಳುತ್ತಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಆ ಬೇಸಿಗೆಯಲ್ಲಿ ಮೇಡಂ ಹೊಸ ಚಾರ್ಟ್ ಬರೆಸಿದರು. ಬೆಣ್ಣೆ ಎಂದಿದ್ದಲ್ಲಿ 'ಜಿಡ್ಡು' ಎಂದಾಯಿತು, ಕೆಂಪು ಗೆರೆ ಹೋಯಿತು. ಎರಡು ಸಾವಿರದ ಇಸವಿಯ ಆಚೆಗೆ ಎಲ್ಲರೂ ಆರೋಗ್ಯ ಆರೋಗ್ಯ ಎಂದು ವನಸ್ಪತಿ ಬಿಟ್ಟಾಗ ನಮ್ಮ ಹೆಂಗಸರು ಗಾಬರಿಯಾಗಲೇ ಇಲ್ಲ. ಯಾವ ಜಿಡ್ಡು ಯಾವ ಚಳಿಗೆ ಹೇಗೆ ವರ್ತಿಸುತ್ತದೆ ಎಂದು ಅವರ ಬೆರಳಿಗೆ ಗೊತ್ತಿತ್ತು. ಮೇಡಂ ಊಟದ ಡಬ್ಬಿಯನ್ನು ನಮ್ಮ ಮೇಜಿಗೇ ತಂದು ಬಿಚ್ಚತೊಡಗಿದರು. ನಾನಂತೂ ಅವರ ಒಗ್ಗರಣೆಗೆ ಕಾದು ಕೂರುತ್ತಿದ್ದೆ. ನೀವೂ ನಿಮ್ಮ ಹಳ್ಳಿಗೆ ಹೋದಾಗ ಚಾರ್ಟ್ ಬಿಚ್ಚುವ ಮೊದಲು ಆ ಮನೆಯಲ್ಲಿ ಒಂದು ಊಟ ಮಾಡಿ. ಯಾರ ಎಲೆಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ, ನೋಡಿ.

ಸಂಜೆ ಗಿರಿಜಳ ಗಂಡ ಎಸ್ಟೇಟಿನಿಂದ ಬರುವ ಹೊತ್ತಿಗೆ ಕೇಕು ಜಗುಲಿಯ ಮೇಲೆ ತಣ್ಣಗಾಗುತ್ತಿತ್ತು. ಡಬ್ಬಿಯ ಆಕಾರಕ್ಕೆ ಉದ್ದುದ್ದ, ಮೇಲೆ ಹೊಂಬಣ್ಣದಲ್ಲಿ ಸೀಳಿ, ಕಿತ್ತಳೆಯ ಘಮ ರಸ್ತೆಯವರೆಗೆ. ಚೈತ್ರ ಚಾಕು ಹಿಡಿದು ಕುಯ್ದಳು. ಗಿರಿಜ ಮೊದಲು ಒಂದು ಅಗುಳಿನಷ್ಟು ಮುರಿದು ಮಗಳ ಬಾಯಿಗಿಟ್ಟು, ಅವಳ ತುಟಿಯನ್ನೇ ನೋಡುತ್ತಾ ಕೂತಳು. ನಾವೆಲ್ಲರೂ ಆ ತುಟಿಯನ್ನೇ ನೋಡುತ್ತಿದ್ದೆವು. ಹೆಚ್ಚುಕಡಿಮೆಯಾದರೆ ಹಾಸನಕ್ಕೆ ಓಡಲೆಂದು ಮನೆಯ ಮುಂದೆ ಎಸ್ಟೇಟಿನ ಜೀಪು ತಿರುಗಿಸಿ ನಿಲ್ಲಿಸಿಕೊಂಡಿದ್ದರು. ಬಹಳ ಹೊತ್ತು ಕಾದೆವು. ತುಟಿ ಹಾಗೆಯೇ ಇತ್ತು, ಉಸಿರು ಹಾಗೆಯೇ ಇತ್ತು. "ಅಮ್ಮಾ, ಎಷ್ಟೊತ್ತು ಕಾಯೋದು?" ಎಂದಳು ಮಗಳು. ಗಿರಿಜ ಅಳುತ್ತಾ ನಗುತ್ತಾ ಒಂದು ದೊಡ್ಡ ತುಂಡು ಕುಯ್ದು ಅವಳ ತಟ್ಟೆಗೆ ಹಾಕಿದಳು.

ಅಷ್ಟರಲ್ಲಿ ಪುಟ್ಟಮ್ಮನವರು ಒಳಗಿನಿಂದ ಬಂದರು, ಒಂದು ಕೈಯಲ್ಲಿ ಗಿಂಡಿ, ಇನ್ನೊಂದರಲ್ಲಿ ಚಮಚ. ಚೈತ್ರ ಅಭ್ಯಾಸಬಲದಿಂದ ಎರಡೂ ಅಂಗೈಯಿಂದ ತಟ್ಟೆ ಮುಚ್ಚಿಕೊಂಡಳು. ಅದು ಹೊಸ ಗಿಂಡಿ. ಒಲೆಯ ಬದಿಯಲ್ಲಿ ಕರಗಿಸಿದ ಜಾಡಿಯ ಎಣ್ಣೆ ಅದರಲ್ಲಿ ತಿಳಿಯಾಗಿ ಹೊಳೆಯುತ್ತಿತ್ತು.

"ಕೈ ತೆಗಿ ಮಗ," ಅಂದರು ಅಜ್ಜಿ. "ಇದು ನಿಂದೇ."

ಚೈತ್ರ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಒಂದೊಂದಾಗಿ ಕೈ ತೆಗೆದು, ತಟ್ಟೆಯನ್ನು ಅಜ್ಜಿಯ ಕಡೆಗೆ ತಳ್ಳಿದಳು.